ಬೆಟಗೇರಿಯ ಬೈಂಡಿಂಗ್ ಅಂಗಡಿ: ಮಾವನವರ ಮೊರಾರ್ಜಿ ಕಟಿಂಗ್‌ಗಳು ಪುಸ್ತಕವಾದ ಬಗೆ

ಹಳೇ ಪೇಪರ್ ಕಟಿಂಗ್‌ಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡು, ಎಸೆಯೋಕೂ ಮನಸ್ಸಿಲ್ಲ, ಇಟ್ಟುಕೊಳ್ಳೋಕೂ ದಾರಿ ಗೊತ್ತಿಲ್ಲ ಅಂತ ಕೂತಿರುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗದಗ-ಬೆಟಗೇರಿಯಲ್ಲಿ, ನೇಕಾರರ ಮನೆಗಳಿರುವ ಒಂದು ಓಣಿಯಲ್ಲಿ ಬೈಂಡಿಂಗ್ ಅಂಗಡಿ ಇದೆ. ಬೋರ್ಡ್ ಇಲ್ಲ. ಬೈಂಡಿಂಗ್ ಕಾಕಾರ ಅಂಗಡಿ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಮ್ಮ ಮಾವನವರು ಕೂಡಿಟ್ಟಿದ್ದ ಕಟಿಂಗ್‌ಗಳನ್ನು ಅಲ್ಲಿ ಎರಡು ಸಂಪುಟ ಮಾಡಿಸಿದೆ. ಕೆಲಸ ತುಂಬಾ ಚೆನ್ನಾಗಿದೆ. ಒಂದೆರಡು ಕೊರತೆಗಳಿವೆ, ಅವನ್ನೂ ಹೇಳುತ್ತೇನೆ.

ಆ ಕಟಿಂಗ್‌ಗಳೆಲ್ಲ ಒಬ್ಬರೇ ಮನುಷ್ಯರ ಬಗ್ಗೆ. ಮೊರಾರ್ಜಿ ದೇಸಾಯಿ, ನಮ್ಮ ದೇಶದ ಪ್ರಧಾನಿಯಾಗಿದ್ದವರು.

ನಾನು ಗದಗ ಜಿಲ್ಲೆಯ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಶಾಲೆಗಳ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ಬರುತ್ತಾರೆ, ಹತ್ತನೇ ತನಕ ಊಟ, ವಸತಿ, ಓದು ಎಲ್ಲ ಅಲ್ಲೇ. ಹೆಚ್ಚಿನವರು ಕೂಲಿ ಮಾಡುವವರ, ಸಣ್ಣ ರೈತರ, ನೇಕಾರರ ಮಕ್ಕಳು. ಮಗಳಿಗೆ ಮೊರಾರ್ಜಿ ಸೀಟು ಸಿಕ್ತು ಅಂತ ಹಳ್ಳಿಯಲ್ಲಿ ಪೇಡೆ ಹಂಚುತ್ತಾರೆ. ಆದರೆ ಗೇಟಿನ ಮೇಲೆ ಹೆಸರಿರುವ ಆ ಮನುಷ್ಯ ಯಾರು ಅಂತ ಮಕ್ಕಳಿಗೆ ಹೇಳುವವರಿಲ್ಲ. ದೊಡ್ಡವರಲ್ಲಿ ಕೆಲವರಿಗೆ ಗೊತ್ತಿರುವುದು ಒಂದೇ ಮಾತು, ಅವರು ತಮ್ಮ ಮೂತ್ರ ತಾವೇ ಕುಡಿಯುತ್ತಿದ್ದರು ಅನ್ನುವುದು. ಅದು ನಿಜ, ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದರು. ಆದರೆ 99 ವರ್ಷದ ಬದುಕಿನಲ್ಲಿ ಉಳಿದದ್ದು ಅದೊಂದೇ ಆಗಬಾರದು ಅಲ್ವಾ?

ಮಾವನವರು ನೇಕಾರರ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದವರು. ಈಗ ಕಣ್ಣು ಮಂಜು, ಪೇಪರನ್ನು ನಾವು ಓದಿ ಹೇಳಬೇಕು. 1966ರಿಂದ ಕತ್ತರಿಸಿ ಇಡೋಕೆ ಶುರು ಮಾಡಿದ್ದರು. ಜಾಸ್ತಿ ಇರುವುದು ಸಂಯುಕ್ತ ಕರ್ನಾಟಕದ್ದು, ಆಮೇಲೆ ಪ್ರಜಾವಾಣಿ, ಕನ್ನಡಪ್ರಭ. ಇನ್ನೂ ಹಿಂದಿನ ಕೆಲವನ್ನು ರದ್ದಿ ಅಂಗಡಿಯಿಂದ ಹುಡುಕಿ ತಂದಿದ್ದರು. ಪ್ರತಿಯೊಂದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪೇಪರಿನ ಹೆಸರು, ತಾರೀಖು. ಸ್ಟೀಲ್ ಟ್ರಂಕು, ಒಳಗೆ ಡಾಂಬರ್ ಗುಳಿಗೆ. ಶಾಲೆಯ ಲೈಬ್ರರಿಗೆ ಕೊಡಿ ಅಂತ ಕೇಳಿದಾಗ ಅವರು ಒಂದೇ ಷರತ್ತು ಹಾಕಿದರು. "ಬೈದು ಬರ್ದದ್ದೂ ಇರಬೇಕವಾ. ಹೊಗಳಿದ್ದಷ್ಟ ಹಚ್ಚಬ್ಯಾಡ."

ಇದಕ್ಕೂ ಮೊದಲು ನಮ್ಮ ಸಂಬಂಧಿಕರೊಬ್ಬರು ಅದರಲ್ಲಿ ಕೆಲವನ್ನು ಬೇರೆ ಊರಿನ ಒಂದು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದರು. ಒಂದೇ ಮಳೆಗಾಲಕ್ಕೆ ಒಳಗೆ ಗುಳ್ಳೆ ಎದ್ದವು. ಅದನ್ನು ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಕಾಕಾ ಅದನ್ನು ನೋಡಿದ ಕೂಡಲೇ ಪಕ್ಕಕ್ಕೆ ಇಟ್ಟರು. "ಅಕ್ಕಾರ, ಇದಕ್ಕ ಈಗ ಏನೂ ಮಾಡಾಕ ಬರಂಗಿಲ್ಲ. ಉಳದದ್ದರ ಉಳಸೂಣು" ಅಂದರು.

ಅವರ ಕೆಲಸದ ರೀತಿ ಹೇಳಲೇಬೇಕು, ಯಾಕೆಂದರೆ ಇವರಿಗೆ ಕೊಡುವ ದುಡ್ಡು ಅದಕ್ಕೇ. ನ್ಯೂಸ್‌ಪ್ರಿಂಟ್ ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲೇ ಆಮ್ಲದ ಅಂಶ ಇರುತ್ತದೆ. ಗಾಳಿ ಬೆಳಕು ತಗುಲಿದಷ್ಟೂ ಹಳದಿಯಾಗಿ, ಮಡಿಸಿದ ಕಡೆ ಮುರಿಯುತ್ತದೆ. ಕಾಕಾ ಒಂದೊಂದು ಕಟಿಂಗನ್ನೂ ಲೆಡ್ಜರ್ ಕಾಗದದ ಮೇಲೆ ಇಟ್ಟು, ಒಂದು ಅಂಚಿಗೆ ಮಾತ್ರ ತೆಳು ಕಾಗದದ ಪಟ್ಟಿ ಹಚ್ಚುತ್ತಾರೆ. ಪೂರ್ತಿ ಅಂಟಿಸುವುದಿಲ್ಲ. ಎತ್ತಿದರೆ ಹಿಂದಿನ ಮಗ್ಗುಲೂ ಓದಬಹುದು. ಅಂಟು ಅವರೇ ಕುದಿಸಿದ ಮೈದಾ ಹಿಟ್ಟಿನದು. ಹುಳ ಹತ್ತಬಾರದು ಅಂತ ಅದಕ್ಕೆ ಚೂರು ಮೈಲುತುತ್ತ. ಫೆವಿಕಾಲ್ ಯಾಕೆ ಬೇಡ ಅಂತ ಕೇಳಿದೆ. "ಹಳೇ ಹಾಳಿಗೆ ಅದನ್ನ ಬಳದ್ರ ಮುಂದ ಹಪ್ಪಳದಂಗ ಆಕ್ಕೈತ್ರಿ, ಮುಟ್ಟಿದ್ರ ಪುಡಿ" ಅಂದರು. ಮಾವನವರು ಎಂಬತ್ತರ ದಶಕದಲ್ಲಿ ಹರಿದ ಕಡೆ ಹಚ್ಚಿದ್ದ ಸೆಲ್ಲೋ ಟೇಪಿನ ಗುರುತು ಕಂದು ಬಣ್ಣಕ್ಕೆ ತಿರುಗಿತ್ತು. ಆ ಕಲೆ ಹೋಗಲಿಲ್ಲ, ಆದರೆ ಅಂಟು ಮಾತ್ರ ನಿಧಾನಕ್ಕೆ ತೆಗೆದುಕೊಟ್ಟರು.

ಕಟಿಂಗ್‌ಗಳಿಂದ ಪುಸ್ತಕದ ಬಾಯಿ ದಪ್ಪವಾಗಿ ಬೆನ್ನು ತೆಳುವಾದರೆ ಪುಸ್ತಕ ಉಬ್ಬುತ್ತದೆ. ಅದಕ್ಕೆ ಹೊಲಿಗೆಯ ಕಡೆ ನಡುನಡುವೆ ಖಾಲಿ ಪಟ್ಟಿಗಳನ್ನು ಸೇರಿಸಿ ಎರಡೂ ಕಡೆ ಸಮ ಮಾಡಿದ್ದಾರೆ. ಹೊಲಿಗೆ ಪೂರ್ತಿ ಕೈಯಿಂದ, ದಾರಕ್ಕೆ ಮೇಣ ಸವರಿ. ದಪ್ಪ ರಟ್ಟು, ಬೆನ್ನಿಗೂ ಮೂಲೆಗಳಿಗೂ ಕ್ಯಾಲಿಕೊ ಬಟ್ಟೆ. ಆಮೇಲೆ ಪ್ರೆಸ್ಸಿಗೆ ಹಾಕಿ ತಿರುಗಿಸಿ ಬಿಗಿದು ಒಣಗಲು ಬಿಟ್ಟರು. ಗದಗ ಮುದ್ರಣಕ್ಕೆ ಹೆಸರಾದ ಊರು. ಪ್ರೆಸ್ಸುಗಳು ಕಡಿಮೆಯಾದರೂ ಈ ಕೈಕೆಲಸ ಇನ್ನೂ ಇದೆ ಅನ್ನುವುದು ನನಗೆ ನಿಜಕ್ಕೂ ಸಂತೋಷದ ವಿಷಯ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವರು ಜೋಡಿಸಿದ ರೀತಿ. "ವರ್ಷದ ಪ್ರಕಾರ ಇಡೂದೋ, ಸುದ್ದಿ ಪ್ರಕಾರ ಇಡೂದೋ?" ಅಂತ ಮೊದಲೇ ಕೇಳಿದರು. ವರ್ಷದ ಪ್ರಕಾರ ಅಂದೆ. ತಾರೀಖು ಅಳಿಸಿಹೋಗಿದ್ದವನ್ನು ಹಿಂದೆ ತಿರುಗಿಸಿ, ಸಿನಿಮಾ ಜಾಹೀರಾತು, ಹತ್ತಿ ಪೇಟೆಯ ಧಾರಣೆ ನೋಡಿ ಅಂದಾಜು ಹಾಕಿದರು. ಒಂದು ಕಟಿಂಗಿನಲ್ಲಿ ದಿನವೂ ಇಲ್ಲ, ವರ್ಷವೂ ಇಲ್ಲ. ಹಿಂದೆ ಚಿಕ್ಕಮಗಳೂರು ಉಪಚುನಾವಣೆಯ ಪ್ರಚಾರದ ಸುದ್ದಿ ಅರ್ಧ ಇತ್ತು. "ಇದು 78ರದ್ದು ಬಿಡ್ರಿ, ವೀರೇಂದ್ರ ಪಾಟೀಲರು ಇಂದಿರಾ ಗಾಂಧಿ ಮುಂದ ನಿಂತಾಗಿಂದು" ಅಂತ ಅದರ ಜಾಗಕ್ಕೆ ಸೇರಿಸಿದರು. ಯಾವ ಜೆರಾಕ್ಸ್ ಅಂಗಡಿಯಲ್ಲಿ ಈ ಸೇವೆ ಸಿಗುತ್ತದೆ ಹೇಳಿ!

ಹೀಗೆ ವರ್ಷದ ಪ್ರಕಾರ ಇಟ್ಟಾಗ ಆ ಮನುಷ್ಯರ ಬದುಕು ಹೇಗೆ ಕಾಣುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಮೊದಲ ಸಂಪುಟದ ಶುರುವಿನಲ್ಲೇ ಅವರ ಬಾಲ್ಯದ ಒಂದು ಲೇಖನ ಇದೆ. ಹುಟ್ಟಿದ್ದು 1896ರ ಫೆಬ್ರವರಿ 29, ಗುಜರಾತಿನ ವಲಸಾಡ ಹತ್ತಿರದ ಭದೇಲಿ. ತಂದೆ ಶಾಲೆಯ ಮಾಸ್ತರು. ಈ ತಾರೀಖು ನೋಡಿ ನನ್ನ ಏಳನೇ ತರಗತಿಯವರು ಪೆನ್ಸಿಲ್ ಹಿಡಿದು ಕೂತರು. 1900 ಅಧಿಕ ವರ್ಷ ಅಲ್ಲ, ಹಾಗಾಗಿ ಮೊದಲ ಹುಟ್ಟುಹಬ್ಬ ಬಂದದ್ದು ಎಂಟನೇ ವಯಸ್ಸಿಗೆ. ತೀರಿಕೊಂಡದ್ದು 1995ರ ಏಪ್ರಿಲ್ 10. ಒಟ್ಟು 23 ಹುಟ್ಟುಹಬ್ಬ ಅಂತ ಲೆಕ್ಕ ಹಾಕಿ ಹೇಳಿದರು. 1968ರ ಹುಟ್ಟುಹಬ್ಬದ ದಿನ ಅವರು ಲೋಕಸಭೆಯಲ್ಲಿ ಬಜೆಟ್ ಓದುತ್ತಿದ್ದರು. ಹಣಕಾಸು ಮಂತ್ರಿಯಾಗಿ ಅವರು ಮಂಡಿಸಿದ್ದು ಹತ್ತು ಬಜೆಟ್.

ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು 1930ರಲ್ಲಿ ಕೆಲಸ ಬಿಟ್ಟು ಗಾಂಧೀಜಿಯ ಚಳವಳಿಗೆ ಬಂದರು, ಜೈಲಿಗೆ ಹೋದರು. ಇದರ ಕಟಿಂಗ್‌ಗಳು ಕಡಿಮೆ. ಆದರೆ ಐವತ್ತರ ದಶಕ ಬಂದಾಗ ಪುಟಗಳು ನಮ್ಮ ಮನೆಯಂಗಳಕ್ಕೇ ಬರುತ್ತವೆ. 1952ರಿಂದ 1956ರ ತನಕ ಮೊರಾರ್ಜಿ ಮುಂಬಯಿ ರಾಜ್ಯದ ಮುಖ್ಯಮಂತ್ರಿ. ಆಗ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ಅಂದರೆ ಅವರು ನಮ್ಮ ಅಜ್ಜಂದಿರ ಮುಖ್ಯಮಂತ್ರಿ! ಇದನ್ನು ಹೇಳಿದಾಗ ತರಗತಿಯಲ್ಲಿ ಯಾರೂ ನಂಬಲಿಲ್ಲ. 1953ರಲ್ಲಿ ಅದರಗುಂಚಿ ಶಂಕರಗೌಡರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತಾಗ, ಹುಬ್ಬಳ್ಳಿಯಲ್ಲಿ ಜನ ಸಿಟ್ಟಿಗೆದ್ದಾಗ, ಇಲ್ಲಿ ನಡೆಯುತ್ತಿದ್ದದ್ದು ಅವರದೇ ಸರ್ಕಾರ. ಪಾನನಿಷೇಧವೂ, ಅವರು ಗೃಹಮಂತ್ರಿಯಾಗಿದ್ದಾಗ ಬಂದ 1949ರ ಮುಂಬಯಿ ಕಾಯ್ದೆಯಿಂದಲೇ ನಮ್ಮ ಕಡೆ ಇತ್ತು.

ಮಾವನವರ ಷರತ್ತಿನಂತೆ ಕಹಿ ಪುಟಗಳೂ ಇಲ್ಲೇ ಇವೆ. ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕು ಅನ್ನುವ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮುಂಬಯಿಯ ಬೀದಿಗಳಲ್ಲಿ ಪೊಲೀಸರ ಗೋಲಿಬಾರ್ ಆಯಿತು. ಆ ಚಳವಳಿಯಲ್ಲಿ ಸತ್ತವರು ನೂರಕ್ಕೂ ಹೆಚ್ಚು ಜನ. ಮುಂಬಯಿಯ ಹುತಾತ್ಮ ಚೌಕದ ಸ್ಮಾರಕ ಅವರದ್ದೇ. ಮರಾಠಿ ಜನ ಮೊರಾರ್ಜಿಯವರನ್ನು ಇದಕ್ಕಾಗಿ ಕ್ಷಮಿಸಿಲ್ಲ, ಕ್ಷಮಿಸಬೇಕು ಅಂತ ನಾನೂ ಹೇಳುವುದಿಲ್ಲ. ಅವರದ್ದು ಬಗ್ಗದ ಸ್ವಭಾವ. ಅದೇ ಸ್ವಭಾವ 1975ರಲ್ಲಿ ಜೈಲಿನಲ್ಲಿ ಅವರನ್ನು ಗಟ್ಟಿಯಾಗಿ ನಿಲ್ಲಿಸಿತು, 1956ರಲ್ಲಿ ಜನರ ಮಾತು ಕೇಳದ ಹಾಗೆಯೂ ಮಾಡಿತು. ಎರಡನ್ನೂ ಒಂದೇ ಪುಸ್ತಕದಲ್ಲಿ ಓದಿದ ಮೇಲೆ ನನಗೆ ಹೀಗೆ ಅನ್ನಿಸಿತು.

1956ರ ನವೆಂಬರ್ 1ರಂದು ನಾವು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಹದಿಮೂರು ವರ್ಷದ ನಂತರ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ, ಮೊರಾರ್ಜಿ ಇಬ್ಬರೂ ಒಂದೇ ಕಡೆ ನಿಂತದ್ದು ಮೊದಲ ಸಂಪುಟದ ಕೊನೆಯ ಭಾಗ. ಅದಕ್ಕೂ ಮುಂಚೆ, 1966ರ ಜನವರಿಯಲ್ಲಿ ಪ್ರಧಾನಿ ಸ್ಥಾನಕ್ಕೆ ಕಾಂಗ್ರೆಸ್ ಸಂಸದರ ಮತದಾನ ನಡೆದು ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿಯವರಿಗೆ 169 ಮತ ಬಂದವು. ಮಾವನವರು ಕತ್ತರಿ ಹಿಡಿದದ್ದು ಆ ಸುದ್ದಿಯಿಂದಲೇ. ಆಮೇಲೆ ಮೊರಾರ್ಜಿ ಉಪಪ್ರಧಾನಿ ಆದರು. 1969ರ ಜುಲೈಯಲ್ಲಿ ಹಣಕಾಸು ಖಾತೆ ಕಿತ್ತುಕೊಂಡ ಕೆಲವೇ ದಿನಗಳಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಮಾವನವರ ಸಂಘದ ಖಾತೆ ಇದ್ದ ಬ್ಯಾಂಕೂ ಅದರಲ್ಲಿತ್ತಂತೆ. ಆ ಕಟಿಂಗಿಗೆ ಎರಡು ಗೆರೆ ಎಳೆದಿದ್ದಾರೆ.

ಎರಡನೇ ಸಂಪುಟ 1975ರಿಂದ. ಇದರ ಬೈಂಡಿಂಗ್ ಮೊದಲನೆಯದಕ್ಕಿಂತ ಚೆನ್ನಾಗಿದೆ, ಮೊದಲ ಪುಟದಿಂದಲೇ ಮಲಗಿಸಿದಂತೆ ತೆರೆದುಕೊಳ್ಳುತ್ತದೆ. ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿ, ಜೂನ್ 26ರ ನಸುಕಿನಲ್ಲಿ ಮೊರಾರ್ಜಿಯವರನ್ನು ಬಂಧಿಸಿತು. ಹೊರಗೆ ಬಂದದ್ದು 1977ರ ಜನವರಿಯಲ್ಲಿ. ಈ ನಡುವಿನ ಕಟಿಂಗ್ ತೀರಾ ಕಡಿಮೆ, ಪೇಪರುಗಳ ಮೇಲೆ ಸೆನ್ಸಾರ್ ಇತ್ತು. ಅಲ್ಲಿ ಕಾಕಾ ಒಂದಷ್ಟು ಖಾಲಿ ಹಾಳೆಗಳನ್ನು ಹಾಗೇ ಬಿಟ್ಟಿದ್ದಾರೆ. "ಮುಂದ ಯಾವಾಗಾರ ಸಿಕ್ಕರ ಹಚ್ಚಬಹುದಲ್ರೀ" ಅಂತ ಅವರ ವಿಚಾರ. ನಾನು ಮಕ್ಕಳಿಗೆ ಮೊದಲು ತೋರಿಸುವುದು ಆ ಹಾಳೆಗಳನ್ನೇ. ಸುದ್ದಿ ಬರೆಯಲು ಬಿಡದ ಕಾಲ ಅಂದರೆ ಏನು ಅಂತ ಪಾಠಕ್ಕಿಂತ ಬೇಗ ತಿಳಿಯುತ್ತದೆ.

1977ರ ಮಾರ್ಚ್ 24ರಂದು ಮೊರಾರ್ಜಿ ಪ್ರಧಾನಿಯಾದರು. ವಯಸ್ಸು 81. ಕಾಂಗ್ರೆಸ್ಸೇತರ ಮೊದಲ ಪ್ರಧಾನಿ. ಪ್ರಮಾಣ ವಚನ ಬೋಧಿಸಿದ್ದು ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿ, ನಮ್ಮ ಜಮಖಂಡಿ ತಾಲೂಕಿನ ಸಾವಳಗಿಯವರು. ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದರಿಂದ ಉಪರಾಷ್ಟ್ರಪತಿ ಜತ್ತಿಯವರು ಆ ಜಾಗದಲ್ಲಿದ್ದರು. ಇದೇ ಜತ್ತಿಯವರು ಐವತ್ತರ ದಶಕದಲ್ಲಿ ಮೊರಾರ್ಜಿ ಮುಖ್ಯಮಂತ್ರಿಯಾಗಿದ್ದ ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿಯಾಗಿದ್ದವರು. ಎರಡೂ ಸಂಪುಟ ಒಟ್ಟಿಗೆ ಇಟ್ಟುಕೊಂಡರೆ ಇಂಥ ನಂಟುಗಳು ತಾವೇ ಕಣ್ಣಿಗೆ ಬೀಳುತ್ತವೆ.

ನನ್ನ ಮಟ್ಟಿಗೆ ಆ ಎರಡು ವರ್ಷದ ಸರ್ಕಾರದ ದೊಡ್ಡ ಕೆಲಸ ಸಂವಿಧಾನದ 44ನೇ ತಿದ್ದುಪಡಿ, 1978ರದ್ದು. ಮೊದಲು 'ಆಂತರಿಕ ಗಲಭೆ' ಅಂತ ಕಾರಣ ಕೊಟ್ಟು ತುರ್ತು ಪರಿಸ್ಥಿತಿ ಹೇರಬಹುದಿತ್ತು. ಅದನ್ನು ತೆಗೆದು 'ಸಶಸ್ತ್ರ ಬಂಡಾಯ' ಇದ್ದರೆ ಮಾತ್ರ ಅಂತ ಮಾಡಿದರು. ಮಂತ್ರಿಮಂಡಲ ಲಿಖಿತವಾಗಿ ಸಲಹೆ ಕೊಡಬೇಕು. ಬದುಕುವ ಹಕ್ಕನ್ನು, ಅಂದರೆ 21ನೇ ವಿಧಿಯನ್ನು, ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ಜೈಲಿನಿಂದ ಬಂದವರು ಅದೇ ಅಧಿಕಾರವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಈ ಪುಟಕ್ಕೆ ಬಂದಾಗ ನನ್ನ ಪಾಠದ ದನಿ ಏರುತ್ತದೆ ಅಂತ ಮಕ್ಕಳು ಹೇಳುತ್ತಾರೆ, ಏರಲಿ.

ಅದರ ಹಿಂದೆಯೇ ಬೈದ ಪುಟ. ಇದೇ ಸರ್ಕಾರ 1977ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಇದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಹೊರಟಿತು. ಜತ್ತಿಯವರು ಒಡನೆ ಸಹಿ ಹಾಕದೆ ತಡೆದರು, ಆಮೇಲೆ ಹಾಕಿದರು. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ರಾಜ್ಯ ಸರ್ಕಾರವನ್ನು ವಜಾ ಮಾಡಲು ಕೇಂದ್ರಕ್ಕೆ ಬಿಡುವ 356ನೇ ವಿಧಿಯ ಅದೇ ಕತ್ತಿ 1989ರಲ್ಲಿ ಹುಬ್ಬಳ್ಳಿಯ ವಕೀಲ, ಆಗ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರದ ಮೇಲೆ ಬಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನ ಆಗಬೇಕು ಅಂತ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು.

ಉಳಿದದ್ದು ಬೇಗ ಹೇಳುತ್ತೇನೆ. 1978ರ ಜನವರಿ 16ರಂದು 1000, 5000, 10000 ರೂಪಾಯಿ ನೋಟುಗಳು ರದ್ದಾದವು. "ಸಾವಿರದ ನೋಟು ನಾ ಕಣ್ಣಾರೆ ನೋಡಿದ್ದ ಇರಲಿಲ್ಲ" ಅನ್ನುತ್ತಾರೆ ಮಾವ. ಅದೇ ವರ್ಷ ಸಣ್ಣ ಕೈಗಾರಿಕೆಗಳಿಗೆ ನೆರವು ಕೊಡುವ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಶುರುವಾದವು, ನೇಕಾರರ ಮನೆಗಳಲ್ಲಿ ಇದು ದೊಡ್ಡ ಸುದ್ದಿ. 1979ರಲ್ಲಿ ಹಿಂದುಳಿದ ವರ್ಗಗಳ ಸ್ಥಿತಿ ನೋಡಲು ಮಂಡಲ್ ಆಯೋಗ. ನಮ್ಮ ಶಾಲೆಯ ಮಕ್ಕಳನ್ನು ನೋಡಿದಾಗ ಈ ಕಟಿಂಗ್ ಎಲ್ಲಕ್ಕಿಂತ ಹತ್ತಿರದ್ದು ಅನ್ನಿಸುತ್ತದೆ. ಜುಲೈ 1979ಕ್ಕೆ ಅವರ ಜನತಾ ಪಕ್ಷದ ಒಳಜಗಳ ಸರ್ಕಾರವನ್ನು ಕೆಡವಿತು. ಕೊನೆಯಲ್ಲಿ 1990ರ ಪಾಕಿಸ್ತಾನದ ನಿಶಾನ್-ಎ-ಪಾಕಿಸ್ತಾನ್, 1991ರ ಭಾರತ ರತ್ನ. ಎರಡೂ ದೇಶದ ಅತಿ ದೊಡ್ಡ ಗೌರವ ಪಡೆದ ಪ್ರಧಾನಿ ಇವರೊಬ್ಬರೇ.

ಈಗ ಕೊರತೆಗಳು. ಎರಡನೇ ಸಂಪುಟದಲ್ಲಿ ಅಂಚು ಕತ್ತರಿಸುವಾಗ ಒಂದು ಕಟಿಂಗಿನ ಕೆಂಪು ಶಾಯಿಯ ತಾರೀಖು ಅರ್ಧ ಹೋಗಿದೆ. ತೋರಿಸಿದಾಗ ಕಾಕಾ ವಾದ ಮಾಡಲಿಲ್ಲ, ಚೀಟಿಯಲ್ಲಿ ಬರೆದು ಹಚ್ಚಿಕೊಟ್ಟರು. ಆದರೂ ಮಾವನವರ ಅಕ್ಷರ ಹೋಯಿತಲ್ಲ ಅಂತ ನನಗೆ ಬೇಜಾರಿದೆ. ಮೊದಲ ಸಂಪುಟ ಶುರುವಿನ ಪುಟಗಳಲ್ಲಿ ಬಿಗಿ, ಕೈಯಿಂದ ಒತ್ತಿ ಹಿಡಿಯಬೇಕು. ಬೆನ್ನಿನ ಮೇಲಿನ ಬಂಗಾರದ ಬಣ್ಣದ ಅಕ್ಷರಗಳು ಸ್ವಲ್ಪ ವಾಲಿವೆ. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ಫೋನ್ ಮಾಡಿದರೆ ಎತ್ತುವುದೂ ಕಡಿಮೆ. ಸ್ಕ್ಯಾನಿಂಗ್ ಇವರಲ್ಲಿ ಇಲ್ಲ, ಅದು ಬೇಕಾದವರು ಬೈಂಡಿಂಗಿಗೆ ಕೊಡುವ ಮೊದಲೇ ಬೇರೆ ಕಡೆ ಮಾಡಿಸಿಕೊಳ್ಳಿ. ಹೊಲಿದ ಮೇಲೆ ಕಷ್ಟ.

ಒಂದು ಸಂಪುಟಕ್ಕೆ 850 ರೂಪಾಯಿ ಆಯಿತು, ಲೆಡ್ಜರ್ ಕಾಗದವೂ ಸೇರಿ. ಈ ಕೆಲಸಕ್ಕೆ ಇದು ಕಡಿಮೆಯೇ. ಫೋನ್‌ಪೇ ನಡೆಯುತ್ತದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಬೆಳಗ್ಗೆ ಹೋಗುವುದು ಒಳ್ಳೆಯದು. ಕಟಿಂಗ್‌ಗಳನ್ನು ಮಡಿಸದೆ, ಎರಡು ರಟ್ಟಿನ ನಡುವೆ ಇಟ್ಟು ತನ್ನಿ. ತಾರೀಖು ಗೊತ್ತಿರುವುದನ್ನು ಪೆನ್ಸಿಲ್‌ನಲ್ಲಿ ಒಳಗಡೆ ಬರೆಯಿರಿ, ಅಂಚಿನಲ್ಲಿ ಬೇಡ. ಜತ್ತಿ ಮತ್ತು ಬೊಮ್ಮಾಯಿಯವರ ಕಟಿಂಗ್‌ಗಳ ಇನ್ನೊಂದು ಕಟ್ಟು ಮನೆಯಲ್ಲಿದೆ, ಅದನ್ನೂ ಇವರಿಗೇ ಕೊಡುತ್ತೇನೆ. ಆದರೆ ದೀಪಾವಳಿ ಮುಗಿಯುವ ತನಕ ಕಾಯಬೇಕು. ಅಲ್ಲಿಯವರೆಗೆ ಪೇಟೆಯ ವ್ಯಾಪಾರಿಗಳ ಹೊಸ ಕೀರ್ದಿ ಪುಸ್ತಕಗಳಿಂದ ಅಂಗಡಿ ತುಂಬಿರುತ್ತದೆ, ಹೊಸ ಕೆಲಸ ಹಿಡಿಯುವುದಿಲ್ಲ.